ಮೀಸಲು ಹೂವು

ಬಾಯಿಯೊಂದೇ ಭಾರವಾಗಿತ್ತು. ಹಟ್ಟಿಯ ಮುಳ್ಳುಬೇಲಿ ದಾಟಿದ ಗಳಿಗೆಯಿಂದ ಈರಕ್ಕನಿಗೆ ತನ್ನ ಕಾಲಿನ ಮೇಲಾಗಲಿ, ಸೊಂಟಕ್ಕೆ ಒತ್ತಿ ಹಿಡಿದ ಬಿದಿರಿನ ಪುಟ್ಟಿಯ ಮೇಲಾಗಲಿ ಗಮನವಿರಲಿಲ್ಲ. ಹಲ್ಲಿನ ಹಿಂದೆ ಕಟ್ಟಿಹಾಕಿದ ನಾಯಿಯಂತೆ ಅತ್ತಿತ್ತ ತಿರುಗುತ್ತಿದ್ದ ನಾಲಿಗೆಯ ಮೇಲೇ ಇತ್ತು. ಒಂದು ಕೆಮ್ಮು ಬಂದರೂ ಎದೆ ಧಸಕ್ಕೆನ್ನುತ್ತಿತ್ತು. ಕೆಮ್ಮು ಮಾತಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಹಾಗೆ ಹೇಳಿಕೊಂಡದ್ದು ಮನಸ್ಸಿನೊಳಗೋ ತುಟಿಯ ಮೇಲೋ ಎಂದು ಅನುಮಾನವಾಗಿ, ಏರಿನ ನಡುವೆ ನಿಂತು, ಬೆರಳಿನಿಂದ ತುಟಿ ಮುಟ್ಟಿ ನೋಡಿಕೊಂಡಳು. ತುಟಿ ಒಣಗಿ ಒಂದಕ್ಕೊಂದು ಅಂಟಿಕೊಂಡಿತ್ತು. ಅಂಟಿಕೊಂಡೇ ಇರಲಿ. ಬೆಳಿಗ್ಗೆ ಹೊರಡುವಾಗ ಸೊಸೆ ಕಾವ್ಯಶ್ರೀ ಬಾಗಿಲಿಗೆ ಬಂದು, ‘ಅತ್ತೆ, ಉಪಾಸ ಇದ್ರೂ ಒಂದು ಗುಟುಕು ನೀರು ಕುಡೀರಿ, ಬಿಸ್ಲು ನೋಡ್ರಿ ಹೆಂಗೈತೆ’ ಎಂದಿದ್ದಳು. ಮಗ ಯೋಗೇಶ ಬೈಕು ಒರೆಸುತ್ತ, ‘ಸುಮ್ಕಿರು ಕಾವ್ಯಾ, ಅವ್ವ ಒಂದೊಪ್ಪೊತ್ತು ಬಾಯಿ ಮುಚ್ಚಿದ್ರೆ ಹಟ್ಟಿಯೋರೆಲ್ಲ ಕಿವಿಗೆ ಎಣ್ಣೆ ಬಿಟ್ಕಂಡು ಮಲಗ್ತಾರೆ’ ಎಂದು ನಕ್ಕಿದ್ದ. ಈರಕ್ಕನೂ ನಕ್ಕಿದ್ದಳು. ನಗುವಾಗ ಇನ್ನೂ ಬೇಲಿಯೊಳಗೇ ಇದ್ದಳು, ಅದಕ್ಕೆ ದೋಷವಿಲ್ಲ.

ಗಂಡನ ಮನೆಯ ಕಟ್ಟಳೆ ಅದು. ಮನೆಯಲ್ಲಿ ಬಸುರಿಯಿದ್ದ ವರ್ಷ, ಯುಗಾದಿ ಕಳೆದು ಒಂದು ಹದ ಮಳೆ ಬಿದ್ದ ಮೇಲೆ, ಅತ್ತೆಯಾದವಳು ಬರಿಗಾಲಲ್ಲಿ ಹೊಳೆಯ ಮೇಲಿನ ಬೆಟ್ಟ ಹತ್ತಿ ಹೂವು ಕಿತ್ತು ತಂದು ಹಟ್ಟಿದೇವರ ಗುಡಿಯೊಳಗೆ ಸುರಿಯಬೇಕು. ಬೇಲಿ ದಾಟಿದಲ್ಲಿಂದ ಗುಡಿಯ ಹೊಸ್ತಿಲು ಮುಟ್ಟುವ ತನಕ ಮಾತಾಡಬಾರದು, ಕಿತ್ತ ಹೂವನ್ನು ಮೂಸಬಾರದು. ಮೀಸಲು ಹೂವು. ಅದರ ವಾಸನೆಯೂ ದೇವರದ್ದೇ, ಅದನ್ನು ಕಿತ್ತವಳ ದನಿಯೂ ಅಷ್ಟು ಹೊತ್ತು ದೇವರದ್ದೇ. ಯೋಗೇಶ ಹೊಟ್ಟೆಯಲ್ಲಿದ್ದಾಗ ಅವಳ ಅತ್ತೆ ತಂದಿದ್ದಳು. ಆ ಮುದುಕಿ ಗುಡಿಯಿಂದ ಹೊರಗೆ ಬಂದು ಆಡಿದ ಮೊದಲ ಮಾತು, ‘ಹೊಟ್ಟೆ ಹಸಿತೈತೆ, ರೊಟ್ಟಿ ಹಾಕು’ ಎಂದು. ಅದರಲ್ಲಿ ಒಂದು ಚೂರೂ ಹೆದರಿಕೆಯಿರಲಿಲ್ಲ. ಆಗೆಲ್ಲ ಮಕ್ಕಳು ನಿಲ್ಲುತ್ತಿದ್ದವೋ, ಅಥವಾ ನಿಲ್ಲದವನ್ನು ಯಾರೂ ಎಣಿಸುತ್ತಿರಲಿಲ್ಲವೋ. ಕಾವ್ಯಶ್ರೀಗೆ ಎರಡು ಸಲ ಬಸಿರು ಹೋಗಿತ್ತು. ಈಗ ಮೂರನೆಯದು, ಐದು ತಿಂಗಳು ತುಂಬಿತ್ತು.

ಬೆಟ್ಟದ ನೆತ್ತಿಯ ಮೇಲೆ ಕರೆಂಟು ಮಾಡುವ ಗಾಳಿ ಫ್ಯಾನುಗಳು ಒಂದೇ ಸಮ ತಿರುಗುತ್ತಿದ್ದವು. ಅವುಗಳಲ್ಲೊಂದರ ಬುಡದ ಕೋಣೆಯಲ್ಲಿ ಯೋಗೇಶನಿಗೆ ಕೆಲಸ. ಶಿವರಾತ್ರಿಯ ಆಸುಪಾಸಿಗೆ ಯಾರೋ ಹುಲ್ಲಿಗೆ ಬೆಂಕಿ ಇಟ್ಟು ಇಡೀ ಇಳಿಜಾರು ಕರ್ರಗಾಗಿತ್ತು. ಪ್ರತಿ ವರ್ಷ ಯಾರೋ ಇಡುತ್ತಾರೆ, ಹೊಸ ಹುಲ್ಲು ಬರಲಿ ಎಂದು. ಯಾರೆಂದು ಎಲ್ಲರಿಗೂ ಗೊತ್ತು, ಯಾರೂ ಕೇಳುವುದಿಲ್ಲ. ಆಮೇಲೆ ರೇವತಿ ಮಳೆ ಎರಡು ಸಂಜೆ ಬಿಡದೆ ಹೊಡೆಯಿತು. ಈಗ ಆ ಕಪ್ಪು ನೆಲ ಕಾಣದ ಹಾಗೆ ಎಳೆ ಹುಲ್ಲು, ಹುಲ್ಲು ಕಾಣದ ಹಾಗೆ ಹೂವು. ಎಲೆಯೇ ಇಲ್ಲದೆ ನೆಲದಿಂದ ನೆಟ್ಟಗೆ ಎದ್ದ ಬಿಳಿ ಹೂವು, ಬಂಡೆಯ ಸಂದಿನಲ್ಲಿ ಸಾಸಿವೆ ಚೆಲ್ಲಿದಂಥ ಹಳದಿ, ಕುರಿಯ ಕಿವಿಯೊಳಗಿನ ಬಣ್ಣದ ಒಂದು ತೆಳು ಕೆಂಪು. ಹಟ್ಟಿಯವರು ಎಲ್ಲಕ್ಕೂ ಬೆಟ್ಟದ ಹೂವು ಎಂದೇ ಅನ್ನುತ್ತಿದ್ದರು. ಇಷ್ಟು ಹೂವು ಯಾವ ವರ್ಷವೂ ಬಿಟ್ಟದ್ದನ್ನು ಈರಕ್ಕ ಕಂಡಿರಲಿಲ್ಲ. ಬೇರೆ ದಿನವಾಗಿದ್ದರೆ ಕಣ್ಣು ತುಂಬ ನೋಡುತ್ತಿದ್ದಳೇನೋ. ಇಂದು ಅವು ಅವಳನ್ನೇ ನೋಡುತ್ತಿದ್ದ ಹಾಗಿತ್ತು. ಮನೆಯ ಮುಂದೆ ಕಾರಣವಿಲ್ಲದೆ ಜನ ಸೇರಿದ್ದರೆ ದೂರದಿಂದ ಬರುವವರಿಗೆ ಎದೆ ಹೊಡೆದುಕೊಳ್ಳುವುದಿಲ್ಲವೇ, ಹಾಗೆ. ಗಾಳಿ ಬಂದಾಗ ಎಲ್ಲವೂ ಒಟ್ಟಿಗೆ ಒಂದು ಕಡೆಗೆ ಬಾಗಿ, ಏನೋ ಕೇಳಿಸಿಕೊಂಡು, ಮತ್ತೆ ನೆಟ್ಟಗಾಗುತ್ತಿದ್ದವು.

ಬಾಯಿಂದ ಉಸಿರಾಡುತ್ತ ಕೀಳತೊಡಗಿದಳು. ಮೂಗಿನಿಂದ ಉಸಿರು ತೆಗೆದರೆ ವಾಸನೆ ತಾನಾಗಿ ಒಳಗೆ ಹೋಗುತ್ತದೆ. ಹೋದರೆ ಮೂಸಿದ ಹಾಗೆಯೋ ಅಲ್ಲವೋ. ಅತ್ತೆಯನ್ನು ಕೇಳಿಟ್ಟುಕೊಳ್ಳಬೇಕಾಗಿತ್ತು. ಕೇಳಬೇಕಾದ್ದು ಬಹಳ ಇತ್ತು. ಮೊದಲ ಸಲ ಹೂವಿಗೆ ಬಂದ ವರ್ಷ ಇದೇ ಇಳಿಜಾರಿನಲ್ಲಿ ಹಿಮ್ಮಡಿಗೆ ಕಾರೆಮುಳ್ಳು ಹೊಕ್ಕಿತ್ತು. ಆಗ ಅವಳ ಬಾಯಿಂದ ಒಂದು ಸದ್ದು ಬಂದಿತ್ತು. ‘ಅವ್ವಾ’ ಎಂದಳೋ, ಬರೀ ‘ಹಾ’ ಎಂದಳೋ ಇವತ್ತಿಗೂ ಗೊತ್ತಾಗಲಿಲ್ಲ. ಎಷ್ಟೋ ಸಲ ಒಲೆಯ ಮುಂದೆ ಕೂತು ಆ ಗಳಿಗೆಯನ್ನು ಮತ್ತೆ ಕೇಳಿಸಿಕೊಳ್ಳಲು ನೋಡಿದ್ದಳು. ಒಂದು ದಿನ ‘ಹಾ’ ಎಂದು ಕೇಳಿಸುತ್ತಿತ್ತು, ಮರುದಿನ ಎರಡಕ್ಷರವೂ ಸ್ಪಷ್ಟವಾಗಿ. ಅವ್ವ ಎಂದಿದ್ದರೆ ಅದು ಮಾತು. ಮುಳ್ಳು ಕಿತ್ತು, ರಕ್ತ ಒರೆಸಿ, ಹೂವು ತಂದು ಸುರಿದಿದ್ದಳು. ಆ ಸಲದ ಮಗು ಆರನೆಯ ತಿಂಗಳಲ್ಲಿ ಹೋಯಿತು. ಎರಡನೆಯದು ಹೂವಿನ ಕಾಲಕ್ಕೆ ಮುಂಚೆಯೇ, ಚಳಿಯಲ್ಲಿ.

ಹಿರಿಯೂರಿನ ಆಸ್ಪತ್ರೆಯ ಬೆಂಚು ನೆನಪಾಯಿತು. ಅವಳು ಕೂತ ಕೂಡಲೇ ಪಕ್ಕದ ಹೆಂಗಸು ಸೆರಗನ್ನು ಮೂಗಿಗೆ ತಂದುಕೊಂಡು ಸ್ವಲ್ಪ ಆಚೆ ಸರಿದಿದ್ದಳು. ಕುರಿಯ ವಾಸನೆ. ಮನೆಯಲ್ಲಿ ಕುರಿ ಮಾರಿ ಎಷ್ಟೋ ಕಾಲವಾಗಿದ್ದರೂ ಹಟ್ಟಿಯ ಗಾಳಿಯಲ್ಲಿ ಒಣಗಿದ ಸೀರೆಗೆ ಅದು ಇದ್ದೇ ಇರುತ್ತದೆ. ಈರಕ್ಕ ತಾನೇ ಎದ್ದು ಗೋಡೆಗೆ ಒರಗಿ ನಿಂತಳು. ಅಲ್ಲಿ ನೆಲ ಒರೆಸುತ್ತಿದ್ದ ಆಯಾ ತನ್ನ ಲೋಟದ ಟೀಯನ್ನು ಅರ್ಧ ಬಗ್ಗಿಸಿ ಕೊಟ್ಟು, ‘ಕುಡಿಯಮ್ಮ, ಒಳಗೆ ತಡ ಆಗುತ್ತೆ’ ಎಂದಿದ್ದಳು. ಆಕೆಯ ಹೆಸರನ್ನೂ ಕೇಳಲಿಲ್ಲ. ಆಮೇಲೆ ಡಾಕ್ಟರಮ್ಮ ಹೊರಗೆ ಬಂದು ಗ್ಲೌಸು ಬಿಚ್ಚುತ್ತ, ‘ಇದು ಯಾರ ತಪ್ಪೂ ಅಲ್ಲ ಅಜ್ಜಿ, ಹೀಗಾಗುತ್ತೆ’ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ಆದರೆ ಆ ಮಾತಿನಿಂದ ಅವಳಿಗೆ ಇನ್ನಷ್ಟು ದಿಗಿಲಾಯಿತು. ಯಾರ ತಪ್ಪೂ ಅಲ್ಲವಾದರೆ ಯಾರ ಕೈಯಲ್ಲೂ ಇಲ್ಲ. ತನ್ನ ತಪ್ಪೇ ಆಗಿದ್ದರೆ ಈ ಸಲ ತುಟಿ ಬಿಗಿಹಿಡಿದು ಅದನ್ನು ತಿದ್ದಬಹುದು. ತಪ್ಪು ತನ್ನದೇ ಆಗಲಿ ಎಂದು ಅವಳು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ಪುಟ್ಟಿ ಮುಕ್ಕಾಲು ತುಂಬಿತ್ತು. ಒದ್ದೆ ಬಟ್ಟೆಯನ್ನು ಹೂವಿನ ಮೇಲೆ ಮುಚ್ಚಿ ಸೊಂಟ ನೆಟ್ಟಗೆ ಮಾಡಿದಾಗ, ನಡುವಿನ ಕೊರಕಲಿನ ಆಚೆ, ಎದುರಿನ ಇಳಿಜಾರಿನಲ್ಲಿ ಯೋಗೇಶನ ನೀಲಿ ಶರ್ಟು ಕಾಣಿಸಿತು. ಯೋಗೇಶನಲ್ಲ. ನೈಟಿಯ ಮೇಲೆ ಅವನ ಹಳೆಯ ಶರ್ಟು ತೊಟ್ಟು, ತಲೆಗೆ ಟವೆಲ್ಲು ಹಾಕಿಕೊಂಡು, ಕೈಯಲ್ಲೊಂದು ನೀರಿನ ಬಾಟಲಿ ಹಿಡಿದು ಕಾವ್ಯಶ್ರೀ ನಿಧಾನವಾಗಿ ಹತ್ತಿ ಬರುತ್ತಿದ್ದಳು. ಹಿಂದಿರುಗುವಾಗ ಗುಡಿಯ ಬಾಗಿಲಲ್ಲೇ ಕುಡಿಯಲಿ ಎಂದಿರಬೇಕು. ಅಥವಾ ಬಿಸಿಲಿಗೆ ಅತ್ತೆ ಎಲ್ಲಾದರೂ ತಲೆ ತಿರುಗಿ ಬಿದ್ದಿದ್ದರೆ ಎಂದು. ಈ ಹುಡುಗಿ ಯಾವಾಗಲೂ ಹಾಗೆ. ಅವಳ ಅಪ್ಪ ಹಟ್ಟಿ ಬಿಟ್ಟು ಹಿರಿಯೂರಿನಲ್ಲಿ ಮನೆ ಮಾಡಿದ್ದರಿಂದ ಅವಳಿಗೆ ಬೆಟ್ಟ ಗೊತ್ತಿಲ್ಲ, ಕುರಿ ಗೊತ್ತಿಲ್ಲ, ಮುಳ್ಳು ಯಾವ ಗಿಡದ್ದೆಂದು ಗೊತ್ತಿಲ್ಲ; ಆದರೆ ಸಂತೆಯಿಂದ ಬಂದವರ ಕೈಚೀಲ ಬಾಗಿಲಲ್ಲೇ ಇಸಿದುಕೊಳ್ಳುವುದು ಗೊತ್ತು. ಒಮ್ಮೆ ಈರಕ್ಕ ಬೆನ್ನುನೋವೆಂದು ಅಂದಿರಲೂ ಇಲ್ಲ, ಮರುದಿನ ಒಲೆಯ ಮುಂದೆ ಗೋಡೆಗೆ ಒಂದು ದಿಂಬು ಬಂದಿತ್ತು. ಬೇಡ, ಹಿಂದಕ್ಕೆ ಹೋಗು ಎಂದು ಈರಕ್ಕ ಕೈ ಬೀಸಿದಳು. ಕಾವ್ಯಶ್ರೀ ನೆಲ ನೋಡಿಕೊಂಡು ಹೆಜ್ಜೆ ಇಡುತ್ತಿದ್ದಳು. ಹಾಗೆ ನೋಡಿಕೊಂಡೇ ನಡೆಯಬೇಕೆಂದು ಹೇಳಿಕೊಟ್ಟವಳು ಈರಕ್ಕನೇ.

ನೋಡುತ್ತ ನೋಡುತ್ತ ಕಾವ್ಯಶ್ರೀ ಹೊಳೆಯ ಕಡೆಗೆ ತಿರುಗಿದಳು. ಅಲ್ಲಿ, ಕಣಿವೆಯ ಅಂಚಿನುದ್ದಕ್ಕೂ, ಹೂವು ಎಲ್ಲಕ್ಕಿಂತ ದಟ್ಟವಾಗಿತ್ತು. ಬಿಳಿಯದು ಒಂದಕ್ಕೊಂದು ಭುಜ ತಾಗಿಸಿಕೊಂಡು ನಿಂತು, ಅಂಚನ್ನು ದಾಟಿ ಗಾಳಿಯ ಮೇಲೂ ಬೆಳೆದ ಹಾಗೆ ಕಾಣುತ್ತಿತ್ತು. ಕಾವ್ಯಶ್ರೀ ನಿಂತು, ಬಾಗಿ, ಒಂದು ಹೂವನ್ನು ಬೆರಳಿನಿಂದ ಮುಟ್ಟಿ, ಕೀಳದೆ ಬಿಟ್ಟಳು. ಮೀಸಲು ಎಂದು ಬಿಟ್ಟಿರಬೇಕು. ಮತ್ತೆ ಮುಂದಕ್ಕೆ ನಡೆದಳು.

ಈರಕ್ಕ ಪುಟ್ಟಿಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ಅವಳನ್ನು ಅದೇ ಅಂಚಿಗೆ ಕರೆದುಕೊಂಡು ಹೋಗಿ, ಬೋರಲು ಮಲಗಿಸಿ, ಹುಲ್ಲಿನ ನಡುವೆ ಕೋಲು ಚುಚ್ಚಿ ತೋರಿಸಿದ್ದಳು. ಕೋಲು ಎಲ್ಲಿಯೂ ತಾಗದೆ ಇಳಿದುಹೋಯಿತು. ಎಳೆದುಕೊಂಡಾಗ ಆ ತೂತಿನ ತುಂಬ ಬೆಳಕಿತ್ತು, ಬೆಳಕಿನ ತಳದಲ್ಲಿ ವೇದಾವತಿ ಹೊಳೆ ಕಣ್ಣು ಮಿಟುಕಿಸಿತು. ‘ನೆಲ ಅಂದ್ಕಂಡೀಯ. ಬರೀ ಬೇರು’ ಎಂದಿದ್ದಳು ಅತ್ತೆ. ಈಗಂತೂ ಡ್ಯಾಮು ಕೋಡಿ ಬಿದ್ದ ವರ್ಷದಿಂದ ಹಿನ್ನೀರು ಕಣಿವೆಯೊಳಕ್ಕೆ ಏರಿ ಬಂದು ನಿಂತು, ಬುಡದ ಮಣ್ಣನ್ನು ತಿನ್ನುತ್ತಲೇ ಇತ್ತು. ಮೇಲಿನ ಹುಲ್ಲಿಗೆ ಅದು ತಿಳಿಯದು. ಹೂವಿಗೂ ತಿಳಿಯದು.

ಕೂಗಬೇಕು. ಎರಡೇ ಅಕ್ಷರ, ಕಾವ್ಯಾ, ಅಷ್ಟೇ. ಕೊರಕಲು ಇಳಿದು ಹತ್ತಿ ಓಡಿದರೆ ತಲುಪುವಷ್ಟು ಹೊತ್ತಿಲ್ಲ. ಕೂಗಿದರೆ ಅವಳು ತಲೆಯೆತ್ತುತ್ತಾಳೆ, ನಿಲ್ಲುತ್ತಾಳೆ, ಉಳಿಯುತ್ತಾಳೆ, ಮಗು ಹೋಗುತ್ತದೆ. ಇವತ್ತಲ್ಲ. ಮುಂದಿನ ವಾರವೋ ಮುಂದಿನ ತಿಂಗಳೋ ಒಂದು ಬೆಳಗಿನ ಜಾವ ಕಾವ್ಯಶ್ರೀ ಗೋಡೆ ಹಿಡಿದುಕೊಂಡು ಬಂದು ‘ಅತ್ತೆ’ ಎನ್ನುತ್ತಾಳೆ, ಮತ್ತೆ ಅದೇ ಬೆಂಚು, ಅದೇ ಗ್ಲೌಸು. ಕೂಗದಿದ್ದರೆ ಇಬ್ಬರೂ ಹೋಗುತ್ತಾರೆ. ಇಷ್ಟು ಸರಳವಾದ ಲೆಕ್ಕ ತನಗೇಕೆ ತಿಳಿಯುತ್ತಿಲ್ಲ ಎಂದು ಅವಳಿಗೆ ಸಿಟ್ಟು ಬಂತು. ತಿಳಿಯದೆ ಏನೂ ಇರಲಿಲ್ಲ. ತಿಳಿದೂ ಬಾಯಿ ತೆರೆಯುತ್ತಿರಲಿಲ್ಲ. ಇಷ್ಟು ಹೊತ್ತು ಕಟ್ಟಿಹಾಕಿದ್ದ ನಾಯಿ ಈಗ ಬಿಟ್ಟರೂ ಏಳುತ್ತಿಲ್ಲ. ಗಾಳಿ ಫ್ಯಾನು ತಿರುಗುತ್ತಿತ್ತು. ನೀಲಿ ಶರ್ಟು ಬಿಳಿ ಹೂವಿನೊಳಗೆ ಮೊಣಕಾಲಿನವರೆಗೆ ಇಳಿದಿತ್ತು. ಆಗ ಅವಳಿಗೆ ತನ್ನಪ್ಪ ನೆನಪಾದ, ಅಂಗೈಯನ್ನು ಬಾಯಿಯ ಪಕ್ಕ ಹಿಡಿದು ಕುರಿ ಕರೆಯುತ್ತಿದ್ದ ಅಪ್ಪ. ಆ ಕೂಗಿಗೆ ಅಕ್ಷರವಿಲ್ಲ, ಅರ್ಥವಿಲ್ಲ. ‘ಇದು ಮಾತಲ್ಲ ಮಗಾ, ಗಂಟಲಾಗೆ ಗಾಳಿ ತಿರುವಾದು’ ಎನ್ನುತ್ತಿದ್ದ. ಮಾತಲ್ಲ. ದೇವರೂ ಕುರಿಯವರ ದೇವರೇ, ಅವನಿಗೆ ಗೊತ್ತಿರುತ್ತದೆ. ಅಂಗೈ ತಾನಾಗಿ ಮೇಲೆ ಹೋಯಿತು. ‘ಹ್ರೂ... ಹ್ರೂ... ಹ್ರೂಯ್...’ ಎಂದು ಆ ಕೂಗು, ಮನೆಯಲ್ಲಿ ಕುರಿಯಿಲ್ಲದ ಇಷ್ಟು ವರ್ಷವೂ ಅಲ್ಲೇ ಕಾದಿದ್ದಂತೆ, ಅವಳ ಗಂಟಲಿನಿಂದ ಹೊರಬಿದ್ದು ಕಣಿವೆಗೆ ಹೊಡೆದು ತಿರುಗಿ ಬಂತು.

ಕಾವ್ಯಶ್ರೀ ತಲೆಯೆತ್ತಲಿಲ್ಲ. ಹಟ್ಟಿಗೆ ಬಂದಾಗಿನಿಂದ ದಿನವೂ ಬೆಟ್ಟದಿಂದ ಅಂಥ ಕೂಗು ಕೇಳಿದವಳು. ಅದು ಕುರಿಯವರದ್ದು, ತನಗಲ್ಲ ಎಂದು ಅವಳಿಗೆ ಗೊತ್ತು. ಇದು ಈರಕ್ಕನಿಗೆ ಹೊಳೆದಿರಲಿಲ್ಲ. ಇನ್ನೊಂದೂ ಹೊಳೆದಿರಲಿಲ್ಲ. ಎದುರಿನ ಇಳಿಜಾರಿನ ಆಚೆ ತಿರುವಿನಲ್ಲಿ, ಬಂಡೆಗಳ ಮರೆಯಲ್ಲಿ, ಗೊಲ್ಲಪ್ಪನ ಮಂದೆ ಮೇಯುತ್ತಿತ್ತು. ಗೊಲ್ಲಪ್ಪ ಅವಳ ಗಂಡನ ಚಿಕ್ಕಪ್ಪನ ಮಗ. ಅವನಿಗೂ ಕೂಗು ಕಲಿಸಿದವನು ಅವಳ ಅಪ್ಪನೇ. ಮೊದಲು ಒಂದು ತಲೆ ಎದ್ದಿತು. ಆಮೇಲೆ ಇಡೀ ಬಂಡೆಸಾಲು ಕದಲಿದ ಹಾಗೆ ಕುರಿಗಳು ಹೊರಬಂದು, ಕೂಗಿದವರ ಕಡೆಗೆ, ಅಂದರೆ ಅವಳ ಕಡೆಗೆ, ಅಂಚಿನ ಉದ್ದಕ್ಕೂ ಓಡತೊಡಗಿದವು. ಅವುಗಳ ದಾರಿಯ ನಡುವೆ ಕಾವ್ಯಶ್ರೀ ನಿಂತಿದ್ದಳು.

ಆಗಲಾದರೂ ಹೆಸರು ಕೂಗಬಹುದಿತ್ತು. ಬಾಯಿ ತೆರೆದದ್ದು ಅವಳಿಗೆ ನೆನಪಿದೆ, ಒಳಗೆ ಗಾಳಿ ಬಂದು ನಾಲಿಗೆ ಒಣಗಿದ್ದು ನೆನಪಿದೆ. ದನಿ ಬರಲಿಲ್ಲ. ಉಣ್ಣೆಯ ಒಂದು ಕಂದು ಹೊಳೆ ನೀಲಿ ಶರ್ಟನ್ನು ಸುತ್ತುವರಿದು, ಒತ್ತಿ, ಮೇಲಕ್ಕೆ ತಳ್ಳಿಕೊಂಡು ಹೋಯಿತು. ಹೂವು ಕಾಣಲಿಲ್ಲ, ಹುಡುಗಿ ಕಾಣಲಿಲ್ಲ, ಬೂದಿ ಬೆರೆತ ದೂಳು ಮಾತ್ರ. ಹೊಳೆಯ ಬದಿಯಲ್ಲಿ ಹಿಂದೆ ಬಿದ್ದಿದ್ದ ಒಂದು ಕುರಿ, ಹೊಟ್ಟೆ ಜೋಲುತ್ತ, ಉಳಿದವುಗಳ ಹಾಗೆ ಓಡಲಾರದೆ ತೂಗಾಡುತ್ತ ಬರುತ್ತಿತ್ತು. ಈರಕ್ಕನ ಕಣ್ಣು ಅದನ್ನು ಒಂದೇ ನೋಟಕ್ಕೆ ಅಳೆಯಿತು: ತುಂಬು ಗಬ್ಬ, ಇವತ್ತೋ ನಾಳೆಯೋ ಈಯುವಂಥದ್ದು. ಅದು ಬಿಳಿ ಹೂವಿನ ದಟ್ಟಣೆಯೊಳಕ್ಕೆ ಕಾಲಿಟ್ಟಿತು. ಸದ್ದೇನೂ ಆಗಲಿಲ್ಲ. ಹೂವುಗಳು ಒಳಕ್ಕೆ ಬಾಗಿದವು, ಕುರಿ ಅವುಗಳ ನಡುವೆ ಕೂತ ಹಾಗೆ ಕಂಡಿತು, ಆಮೇಲೆ ಅಲ್ಲಿ ಕುರಿಯೂ ಇರಲಿಲ್ಲ, ಹೂವೂ ಇರಲಿಲ್ಲ. ಬಾಯಿ ಬಿಟ್ಟ ಹಾಗೆ ಒಂದು ತೆರವು, ಅದರಾಚೆ ನೀರಿನ ಬೆಳಕು.

ಅವಳು ಕೊರಕಲು ಇಳಿದದ್ದು ಹತ್ತಿದ್ದು ತಿಳಿಯಲಿಲ್ಲ. ಪುಟ್ಟಿ ಮಾತ್ರ ಸೊಂಟದಿಂದ ಕದಲಿರಲಿಲ್ಲ, ಬಟ್ಟೆಯೂ ಸರಿದಿರಲಿಲ್ಲ. ಕಾವ್ಯಶ್ರೀ ಇಳಿಜಾರಿನ ಮೇಲ್ಭಾಗದಲ್ಲಿ, ಮಂದೆ ಅವಳನ್ನು ತಳ್ಳಿಬಿಟ್ಟ ಜಾಗದಲ್ಲಿ, ಕಾಲು ಚಾಚಿ ಕೂತಿದ್ದಳು. ಒಂದು ಕೈ ಹೊಟ್ಟೆಯ ಮೇಲಿತ್ತು, ಇನ್ನೊಂದರಲ್ಲಿ ನೀರಿನ ಬಾಟಲಿ ಹಾಗೇ ಇತ್ತು. ಟವೆಲ್ಲು ಎಲ್ಲೋ ಹೋಗಿತ್ತು. ಈರಕ್ಕ ಅವಳ ಮುಂದೆ ಕುಕ್ಕರಿಸಿ, ಮುಖ, ಭುಜ, ಮೊಣಕಾಲು ಎಲ್ಲವನ್ನೂ ಕೈಯಿಂದ ತಡವಿ ನೋಡಿದಳು. ತುಟಿ ಈಗ ಬಿಚ್ಚಿತು, ಈಗ ಬಿಚ್ಚಿತು ಎನ್ನುವಾಗ ಕಾವ್ಯಶ್ರೀ ತನ್ನ ಅಂಗೈಯನ್ನು ಅತ್ತೆಯ ಬಾಯಿಯ ಮೇಲಿಟ್ಟಳು. ‘ಏನೂ ಆಗಿಲ್ಲ. ನೀವು ಮಾತಾಡ್ಬ್ಯಾಡ್ರಿ’ ಎಂದಳು. ‘ಹೂವು ಐತಲ್ಲ.’ ಆ ಅಂಗೈ ಹಸಿಹುಲ್ಲಿನಿಂದ ತಣ್ಣಗಿತ್ತು. ಅದರ ಹಿಂದೆ ಈರಕ್ಕನಿಗೆ ನಾಚಿಕೆಯಾಯಿತು. ಇವಳು ಅಂಚಿಗೆ ಹೋಗುವಾಗ ಹೂವನ್ನು ಕಾಪಾಡಿಕೊಂಡವಳು ನಾನು, ಈಗ ಇವಳೂ ನನ್ನ ಹೂವನ್ನೇ ಕಾಪಾಡುತ್ತಿದ್ದಾಳೆ. ಕೂಗು ಯಾರದೆಂದು ಇವಳಿಗೆ ಗೊತ್ತಾಗಿದೆಯೇ? ಹೆಸರು ಕೂಗಲಿಲ್ಲವೆಂಬುದು?

ಕೆಳಗಿನಿಂದ ಒಂದು ಅರಚು ಕೇಳಿಸಿತು. ಸಣ್ಣದು, ನೆಲದೊಳಗಿನಿಂದ ಬಂದ ಹಾಗೆ. ಮತ್ತೆ ಕೇಳಿಸಿತು.

ಗೊಲ್ಲಪ್ಪ ಬಂಡೆಯಿಂದ ಬಂಡೆಗೆ ದಾಟುತ್ತ ಬಂದ. ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದಿದ್ದ. ಮಂದೆ ಕೊರಕಲಿನ ದಡದಲ್ಲಿ ಕೂಗಿದವರು ಕಾಣದೆ ತಬ್ಬಿಬ್ಬಾಗಿ ನಿಂತಿತ್ತು. ‘ಯಾರಲೇ ಅದು ನನ್ನ ಕುರಿ ಕೂಗಿದ್ದು?’ ಎಂದು ದೂರದಿಂದಲೇ ಕೇಳಿದ. ಹತ್ತಿರ ಬಂದು ಇಬ್ಬರನ್ನೂ ನೋಡಿ ದನಿ ತಗ್ಗಿಸಿದ. ‘ಅತ್ತಿಗೆ. ಏನಿದು? ಯಾರು ಕೂಗಿದ್ದು?’

ಈರಕ್ಕ ಪುಟ್ಟಿಯನ್ನು ಇನ್ನಷ್ಟು ಒತ್ತಿ ಹಿಡಿದಳು.

‘ನಾನೇ ಮಾವ’ ಎಂದಳು ಕಾವ್ಯಶ್ರೀ.

‘ನೀನಾ?’

‘ಹ್ಞೂಂ. ಸುಮ್ನೆ. ಆಡೋಕೆ ಕೂಗ್ದೆ. ಬರ್ತಾವೆ ಅಂತ ಗೊತ್ತಿರ್ಲಿಲ್ಲ.’

ಗೊಲ್ಲಪ್ಪ ಅವಳನ್ನೇ ನೋಡಿದ. ‘ಮನೆ ಮುಂದೆ ಕೋಳಿ ಕರದ್ರೆ ಬೆಕ್ಕು ಬರ್ತೈತೆ ನಿಂಗೆ. ನೀನು ಮಂದೆ ಕೂಗಿದ್ಯಾ’ ಎಂದ. ಆಮೇಲೆ ಅವನ ಕಣ್ಣು ಪುಟ್ಟಿಯ ಮೇಲಿನ ಒದ್ದೆ ಬಟ್ಟೆಗೆ ಬಿತ್ತು, ಅಲ್ಲಿಂದ ಈರಕ್ಕನ ಬರಿಗಾಲಿಗೆ, ಅಲ್ಲಿಂದ ಅವಳ ಮುಚ್ಚಿದ ಬಾಯಿಗೆ. ಅವನ ಮುಖದಲ್ಲಿ ಸಿಟ್ಟು ಏರುವುದನ್ನೂ ಏರಿದ್ದು ಎಲ್ಲೋ ಒಂದು ಕಡೆ ನಿಂತುಹೋದದ್ದನ್ನೂ ಅವಳು ಕಂಡಳು. ಅವನು ಬೋರಲು ಮಲಗಿ, ತೆವಳುತ್ತ, ಮುರಿದ ಅಂಚಿನವರೆಗೆ ಹೋಗಿ ತಲೆಯನ್ನು ಹೊರಗೆ ಚಾಚಿ ನೋಡಿದ. ಕೆಳಗಿನ ಅರಚು ಅವನ ವಾಸನೆ ಹತ್ತಿ ಜೋರಾಯಿತು.

‘ಕೆಳಗೊಂದು ಕಲ್ಲಿನ ಚಾಚೈತೆ, ಅದ್ರ ಮೇಲೆ ಬಿದ್ದೈತೆ. ನೀರಿಗೆ ಹೋಗಿಲ್ಲ. ಜೀವ ಐತೆ’ ಎಂದ, ಹಿಂದಕ್ಕೆ ತೆವಳಿ ಬಂದು. ಗಡ್ಡಕ್ಕೆ ಹೂವಿನ ಹಳದಿ ಪುಡಿ ಮೆತ್ತಿತ್ತು. ‘ರಾಮಾಂಜನೇಯನ್ನ ಕರ್ಕಂಡು ಬರ್ತೀನಿ, ಅವನತ್ರ ಹಗ್ಗ ಐತೆ. ಮಗಾ, ನೀನು ಮೆಲ್ಲಕೆ ಇಳಿ. ಕುಂತು ಕುಂತು ಇಳಿ. ಯೋಗೇಶನಿಗೆ ನಾನು ಹೇಳಾಕೆ ಹೋಗಲ್ಲ, ನೀನೂ ಹೇಳ್ಬ್ಯಾಡ.’ ಕಾವ್ಯಶ್ರೀ ಟವೆಲ್ಲು ಹುಡುಕಲು ಎದ್ದು ನಾಲ್ಕು ಹೆಜ್ಜೆ ಆಚೆ ಹೋದಾಗ ಅವನು ಈರಕ್ಕನ ಕಡೆ ತಿರುಗಿ, ಮುಖ ನೋಡದೆ, ರುಮಾಲು ಕೊಡವುತ್ತ ಸಣ್ಣಗೆ ಹೇಳಿದ: ‘ಗಬ್ಬ ಇತ್ತು ಕಣತ್ತಿಗೆ. ಅವಳಿ ಇರ್ಬೇಕು ಅನ್ಕಂಡಿದ್ದೆ.’ ರುಮಾಲು ತಲೆಗೆ ಸುತ್ತಿಕೊಳ್ಳುತ್ತ, ‘ನಡಿ. ಬಿಸ್ಲಿಗೆ ಹೂವು ಬಾಡ್ತಾವೆ’ ಎಂದ.

ಇಳಿಯುವ ದಾರಿಯಲ್ಲಿ ಕಾವ್ಯಶ್ರೀ ಮುಂದೆ, ಈರಕ್ಕ ಹಿಂದೆ. ಗೊಲ್ಲಪ್ಪ ಹೇಳಿದಂತೆ ಸೊಸೆ ಕಡಿದಾದಲ್ಲಿ ಕೂತು, ಕೈಯೂರಿ, ಜರುಗಿ ಇಳಿಯುತ್ತಿದ್ದಳು. ಒಮ್ಮೊಮ್ಮೆ ನಿಂತು ಹಿಂದಕ್ಕೆ ಕೈ ಚಾಚುತ್ತಿದ್ದಳು, ಪುಟ್ಟಿಗಲ್ಲ, ಅತ್ತೆಯ ಕೈಗೆ. ಈರಕ್ಕ ಆ ಕೈ ಹಿಡಿದು ಇಳಿಯುವಾಗ ಪ್ರತಿ ಸಲವೂ ಅದರ ಬಿಸಿಯನ್ನು ನೋಡಿಕೊಳ್ಳುತ್ತಿದ್ದಳು, ತಣ್ಣಗಾಗುತ್ತಿದೆಯೇ ಎಂದು. ಬೆನ್ನ ಹಿಂದೆ ಅರಚು ಕೇಳುತ್ತಲೇ ಇತ್ತು. ಬಂಡೆಯ ಮರೆಗೆ ಹೋದಾಗ ನಿಂತು, ಬಯಲಿಗೆ ಬಂದಾಗ ಮತ್ತೆ ಕೇಳಿಸುತ್ತಿತ್ತು. ನಿಂತಾಗ ಸತ್ತಿತೇ ಎಂದು ಎದೆ ಬಡಿದುಕೊಳ್ಳುತ್ತಿತ್ತು, ಕೇಳಿಸಿದಾಗ ಇನ್ನೂ ಸಾಯಲಿಲ್ಲವೇ ಎಂದು. ದೇವರು ಒಂದು ಹೊಟ್ಟೆಯ ಬದಲು ಇನ್ನೊಂದನ್ನು ತೆಗೆದುಕೊಂಡನೇ? ಹಾಗಿದ್ದರೆ ಲೆಕ್ಕ ಮುಗಿಯಿತು, ಹೆದರಬೇಕಾಗಿಲ್ಲ. ಅಥವಾ ಇದು ಬರಲಿರುವುದನ್ನು ಮುಂಚೆಯೇ ತೋರಿಸಿದ್ದೇ? ಬಿಳಿ ಹೂವಿನೊಳಗೆ ಕೂತ ಹಾಗೆ ಕೂತು, ಸದ್ದಿಲ್ಲದೆ. ಒಂದೇ ನೋಟ ಎರಡೂ ಅರ್ಥ ಕೊಡುತ್ತಿತ್ತು. ಯಾವುದನ್ನು ಹಿಡಿದರೂ ಬೆರಳಿನ ಸಂದಿಯಿಂದ ಇನ್ನೊಂದು ಇಣುಕುತ್ತಿತ್ತು. ಕಾವ್ಯಶ್ರೀಗೆ ಕುರಿ ಗೊತ್ತಿಲ್ಲ. ದೂಳಿನಲ್ಲಿ ಅದರ ಹೊಟ್ಟೆ ಅವಳಿಗೆ ಕಂಡಿರಲಾರದು. ಗೊಲ್ಲಪ್ಪ ಹೇಳಿದ್ದೂ ಕೇಳಿಸಿರಲಾರದು. ನಾಲ್ಕು ಹೆಜ್ಜೆ ಆಚೆ ಇದ್ದಳು. ಗಾಳಿ ಯಾವ ಕಡೆಗೆ ಬೀಸುತ್ತಿತ್ತು?

ಗುಡಿ ಹಟ್ಟಿಯ ಹೊರಗೆ, ಮುಳ್ಳುಬೇಲಿಯ ತನ್ನದೇ ಸುತ್ತಿನೊಳಗೆ, ಹುಲ್ಲು ಹೊದೆಸಿದ ಗಿಡ್ಡ ಮನೆ. ಹೊತ್ತು ನೆತ್ತಿಯಿಂದ ಸ್ವಲ್ಪವೇ ಸರಿದಿತ್ತು. ಯಾರೂ ಇರಲಿಲ್ಲ. ಕಾವ್ಯಶ್ರೀ ಬೇಲಿಯ ಬಾಯಿಯಲ್ಲಿ ನಿಂತಳು. ಈರಕ್ಕ ಬಾಗಿ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಹೋದಳು. ಒಳಗಿನ ಕತ್ತಲೆ ತಣ್ಣಗಿತ್ತು, ಎಣ್ಣೆಯ ಜಿಡ್ಡಿನ ವಾಸನೆಯಿತ್ತು. ಬಟ್ಟೆ ತೆಗೆದು ಪುಟ್ಟಿಯನ್ನು ಮಗುಚಿದಳು. ಹೂವು ಕಲ್ಲಿನ ಮೇಲೆ, ಕಲ್ಲಿನ ಸುತ್ತ, ಬಿಳಿ ಹಳದಿ ಕೆಂಪು ಒಂದರ ಮೇಲೊಂದು ಬಿದ್ದು, ಆ ಕತ್ತಲೆಯಲ್ಲೂ ತಾವೇ ಬೆಳಕು ಮಾಡಿಕೊಂಡು ಕೂತವು. ಬೇಡಿಕೊಳ್ಳಬೇಕಾದ್ದು ಎಷ್ಟೋ ಇತ್ತು. ಬೆಳಗಿನಿಂದ ಮನಸ್ಸಿನಲ್ಲೇ ಜೋಡಿಸಿಕೊಂಡು ಬಂದಿದ್ದಳು. ಈಗ ಕೈಮುಗಿದು ನಿಂತರೆ ಕೇಳಿಸಿದ್ದು ಬೆಟ್ಟದ ಅರಚು ಮಾತ್ರ. ಅಷ್ಟು ದೂರದಿಂದ ಕೇಳಿಸುವುದು ಸಾಧ್ಯವಿಲ್ಲ. ಆದರೂ ಕೇಳಿಸುತ್ತಿತ್ತು. ‘ನಾನು ಕೂಗಿದ್ದು ಮಾತೋ ಅಲ್ಲವೋ’ ಎಂದು ಕೇಳಲೂ ಧೈರ್ಯ ಸಾಲಲಿಲ್ಲ. ಕೇಳಿದರೆ ಉತ್ತರ ಬಂದುಬಿಟ್ಟರೆ.

ಹೊರಗೆ ಬಂದಾಗ ಬಿಸಿಲು ಕಣ್ಣಿಗೆ ಹೊಡೆಯಿತು. ಕಾವ್ಯಶ್ರೀ ಬೇಲಿಗೆ ಒರಗದೆ, ಅದರ ನೆರಳಿಗೆ ಮಾತ್ರ ತಲೆ ಕೊಟ್ಟು ನಿಂತಿದ್ದಳು. ನೀಲಿ ಶರ್ಟಿಗೆ ಅಲ್ಲಲ್ಲಿ ಉಣ್ಣೆ ಅಂಟಿತ್ತು. ಬಾಟಲಿಯ ಮುಚ್ಚಳ ತಿರುವಿ ತೆಗೆದು ಹಿಡಿದುಕೊಂಡಿದ್ದಳು, ಆದರೆ ಕೊಡಲಿಲ್ಲ.

‘ಈಗ ಮಾತಾಡ್ಬೋದಲ್ವಾ ಅತ್ತೆ?’

ಈರಕ್ಕ ತಲೆ ಆಡಿಸಿದಳು.

‘ಒಂದು ಕೇಳ್ಲಾ?’

ಕೇಳುತ್ತಾಳೆ. ಯಾಕೆ ನನ್ನ ಹೆಸರು ಹಿಡಿದು ಕೂಗಲಿಲ್ಲ ಎಂದು ಕೇಳುತ್ತಾಳೆ. ಕೇಳಲಿ. ಅದಕ್ಕೆ ಉತ್ತರವಿಲ್ಲ, ಆದರೆ ಅವಳ ಕಾಲು ಹಿಡಿಯಬಹುದು. ದೊಡ್ಡವಳು ಚಿಕ್ಕವಳ ಕಾಲು ಹಿಡಿಯಬಾರದು ಎಂದು ಯಾರು ಹೇಳಿದರು. ಈರಕ್ಕ ಆಗಲೇ ಬಾಗತೊಡಗಿದ್ದಳು.

‘ಆ ಕುರಿ’ ಎಂದಳು ಕಾವ್ಯಶ್ರೀ. ಮುಂದಿನದನ್ನು ಹೇಳಲು ಬಾಟಲಿಯ ಬಾಯಿಯನ್ನೇ ನೋಡಿದಳು. ‘ಅದಕ್ಕೆ ಹೊಟ್ಟೇಲಿ ಮರಿ ಇತ್ತಾ?’

ಅವಳ ಇನ್ನೊಂದು ಕೈ ಶರ್ಟಿನ ಕೆಳಗಿನ ಗುಂಡಿಯ ಮೇಲಿತ್ತು. ಗುಂಡಿ ಹಾಕಿತ್ತು, ಆದರೂ ಬೆರಳು ಅದನ್ನೇ ಹಾಕುತ್ತಿತ್ತು. ಗುಡಿಯ ಬಾಗಿಲು ಈರಕ್ಕನ ಬೆನ್ನಿಗೆ ತೆರೆದೇ ಇತ್ತು. ಅದರೊಳಗಿನ ತಣ್ಣನೆಯ ಗಾಳಿ ಅವಳ ಕತ್ತಿಗೆ ತಾಗುತ್ತಿತ್ತು. ಬೆಳಗಿನಿಂದ ದೇವರಿಗೆಂದು ಬಿಗಿಹಿಡಿದಿಟ್ಟ ಬಾಯಿ, ಒಂದು ಮಾತೂ ಖರ್ಚಾಗಿರದ ಬಾಯಿ. ಅದು ಈಗ ಒಂದೇ ಸಲಕ್ಕೆ, ಯಾರೂ ತಳ್ಳದೆ, ತೆರೆದುಕೊಂಡಿತು.

‘ಇಲ್ಲ ಕಣವ್ವ’ ಎಂದಳು ಈರಕ್ಕ. ‘ಅದು ಗೊಡ್ಡು. ಮುದಿ ಕುರಿ. ಯಾವತ್ತೂ ಈದಿಲ್ಲ.’

ದನಿ ತನ್ನದಲ್ಲದ ಹಾಗೆ ಒರಟಾಗಿತ್ತು. ಕಾವ್ಯಶ್ರೀ ಅವಳ ಮುಖದಲ್ಲಿ ಅತ್ತಿತ್ತ ಏನನ್ನೋ ಹುಡುಕಿದಳು, ಅದು ಸಿಕ್ಕ ಹಾಗೆ ನೋಟ ಅಲ್ಲೇ ನಿಂತಿತು. ಆಮೇಲೆ, ‘ಹಂಗಾದ್ರೆ ಸರಿ’ ಎಂದು ಬಾಟಲಿಯನ್ನು ಅತ್ತೆಯ ಕೈಗೆ ಕೊಟ್ಟು, ತಾನೂ ತಳಕ್ಕೆ ಎರಡೂ ಕೈ ಆನಿಸಿ ಹಿಡಿದಳು. ‘ಕುಡೀರಿ. ಮೆಲ್ಲಕೆ.’

ನೀರು ಬಿಸಿಲಿಗೆ ಬೆಚ್ಚಗಾಗಿತ್ತು. ಕುಡಿಯುವಾಗ ಈರಕ್ಕನಿಗೆ ಮೂಗಿನಿಂದ ಉಸಿರಾಡಬೇಕಾಯಿತು. ಬೆಳಗಿನಿಂದ ದೂ‍ರವಿಟ್ಟಿದ್ದ ಹೂವಿನ ವಾಸನೆ ತನ್ನ ಬೆರಳುಗಳಿಂದ ಈಗ ಬರಬಹುದೆಂದು ಕಾದಳು. ಬಂದದ್ದು ಕುರಿಯ ವಾಸನೆ. ಬಾಟಲಿಯ ಮೇಲೆ ಅವಳದೂ ಕಾವ್ಯಶ್ರೀಯದೂ ನಾಲ್ಕು ಕೈಗಳಿದ್ದವು. ಯಾರದರಿಂದ ಎಂದು ತಿಳಿಯಲಿಲ್ಲ. ಬೆಟ್ಟದ ಕಡೆಯಿಂದ ಹಗ್ಗ ಹೊತ್ತವರು ಒಬ್ಬರನ್ನೊಬ್ಬರು ಕರೆಯುವುದು ಕೇಳಿಸುತ್ತಿತ್ತು. ಅರಚು ಕೇಳಿಸುತ್ತಿರಲಿಲ್ಲ. ಕಾವ್ಯಶ್ರೀಯೂ ಅದೇ ಕಡೆಗೆ ಕಿವಿಯಿಟ್ಟಿದ್ದಳು, ಅತ್ತೆ ನೋಡಿದಾಗ ಕಣ್ಣು ಕೆಳಗಿಳಿಸಿ, ‘ಮನೆಗೆ ಹೋಗಾಣ ಬರ್ರಿ’ ಎಂದಳು.